ಕೂತವರಿಗೆ ಧ್ವನಿ

ಗಿಣಿ ಎಂಬ ಹೆಸರನ್ನು ಅವಳಿಗೆ ಅಂಟಿಸಿದವಳು ಅವಳ ಅಕ್ಕ. ಹುಟ್ಟಿನಿಂದ ಕಣ್ಣು ಕಾಣದ ಆ ಮಗು ಕಿವಿಗೆ ಬಿದ್ದದ್ದನ್ನೆಲ್ಲ ಬಿದ್ದ ಹಾಗೆಯೇ ಒಪ್ಪಿಸುತ್ತಿತ್ತು. ಅಪ್ಪ ಯಾರನ್ನೋ ಗುಟ್ಟಾಗಿ ಬೈದದ್ದನ್ನು, ಬೈಸಿಕೊಂಡವರೇ ಮನೆಗೆ ಬಂದಾಗ ಅವರೆದುರು ಅಪ್ಪನ ದನಿಯಲ್ಲೇ ಹೇಳಿ ಮನೆಯವರ ಮಾನ ಕಳೆದದ್ದೂ ಉಂಟು. ಈಗ ಆ ಮಗು ಮೂವತ್ತು ದಾಟಿದ ಹೆಂಗಸು, ಆಸ್ಪತ್ರೆಯೊಂದರ ಬೆರಳಚ್ಚುಗಾರ್ತಿ. ಆದರೂ ಮನೆಯಲ್ಲಿ ಗಿಣಿಯೇ, ವಠಾರದಲ್ಲಿ ಗಿಣಿಯೇ, ಕೊನೆಗೆ ಆಸ್ಪತ್ರೆಯ ಲಿಫ್ಟಿನವನ ಬಾಯಲ್ಲೂ ಗಿಣಿಯಮ್ಮನೇ.

ಕಣ್ಣು ಕಾಣದವಳು, ಪಾಪ, ಮೆತ್ತಗಿರುತ್ತಾಳೆ ಎಂದುಕೊಂಡು ಮಾತಿಗಿಳಿದವರ ಗ್ರಹಚಾರವನ್ನು ಕೇಳುವುದೇ ಬೇಡ. ಅವಳ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಅದರಲ್ಲೂ ‘ಪಾಪ’ ಎಂಬ ಮಾತು ಕಿವಿಗೆ ಬಿದ್ದರೆ ಮುಗಿಯಿತು. ಹಿಂದೆ ಎರಡು ಕಡೆ ಕೆಲಸಕ್ಕೆ ಸೇರಿದ್ದಳು. ಎರಡು ಕಡೆಯೂ ‘ಪಾಪ’ ಎಂದು ಕರೆದು ಕೂರಿಸಿದ್ದರು, ‘ಪಾಪ’ ಎಂದೇ ಮನೆಗೆ ಕಳಿಸಿದ್ದರು. ನಡುವೆ ಕೆಲಸ ಅನ್ನುವುದನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ. ಆದ್ದರಿಂದ ಮೂರನೆಯದಾದ ಈ ಆಸ್ಪತ್ರೆಯ ಕೆಲಸವನ್ನು ಅವಳು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ಕೆಲಸವೇನೋ ಇತ್ತು, ಕೈತುಂಬ ಇತ್ತು. ಆದರೆ ಅದಿನ್ನೂ ಕಾಯಂ ಆಗಿರಲಿಲ್ಲ.

ಸ್ಕ್ಯಾನ್ ವಿಭಾಗದ ಹಿಂಬದಿಯ ಕಿರಿದಾದ ಕೋಣೆ ಅವಳ ಜಾಗ. ಒಂದು ಮೇಜು, ಒಂದು ಕಂಪ್ಯೂಟರು, ಸುತ್ತುವಾಗ ಟಿಕ್ ಟಿಕ್ ಎನ್ನುವ ಒಂದು ಫ್ಯಾನು, ಆಂಬ್ಯುಲೆನ್ಸುಗಳು ನಿಲ್ಲುವ ಅಂಗಳಕ್ಕೆ ತೆರೆಯುವ ಒಂದು ಕಿಟಕಿ. ಪಕ್ಕದ ಕತ್ತಲೆ ಕೋಣೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ಚಿತ್ರಗಳನ್ನು ನೋಡುತ್ತಾ, ಕಂಡದ್ದನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಆ ದನಿ ಈ ಕಂಪ್ಯೂಟರಿಗೆ ಬರುತ್ತಿತ್ತು. ಗಿಣಿ ಹೆಡ್‌ಫೋನ್ ಹಾಕಿಕೊಂಡು, ಕಾಲಡಿಯ ಪೆಡಲ್ ಒತ್ತಿ ನಿಲ್ಲಿಸಿ, ಮತ್ತೆ ಓಡಿಸಿ, ಕೇಳಿದ್ದನ್ನು ಟೈಪ್ ಮಾಡುತ್ತಿದ್ದಳು. ಟೈಪ್ ಮಾಡಿದ್ದನ್ನು ಕಂಪ್ಯೂಟರಿನ ಓದುವ ದನಿ ಅವಳಿಗೆ ಓದಿ ಹೇಳುತ್ತಿತ್ತು. ಅದನ್ನು ಅವಳು ಎಷ್ಟು ಜೋರಾಗಿ ಓಡಿಸುತ್ತಿದ್ದಳೆಂದರೆ, ಬೇರೆಯವರ ಕಿವಿಗೆ ಡಬ್ಬದಲ್ಲಿ ಕಾಳು ಅಲುಗಾಡಿಸಿದ ಹಾಗೆ ಕೇಳುತ್ತಿತ್ತೇ ಹೊರತು ಒಂದಕ್ಷರ ತಿಳಿಯುತ್ತಿರಲಿಲ್ಲ.

ಕಣ್ಣಿರುವವರಿಗೆ ಕಂಪ್ಯೂಟರಿನ ಸದ್ದು ಹೋದರೆ ಹಾಡು ಹೋಯಿತು, ಅಷ್ಟೇ. ಗಿಣಿಗೆ ಸದ್ದು ಹೋದರೆ ಪರದೆಯೇ ಹೋದಂತೆ. ಪಟ್ಟಿ ಎಲ್ಲಿದೆ, ಪುಟ ಎಲ್ಲಿದೆ, ಬರೆದದ್ದು ಉಳಿಯಿತೋ ಅಳಿಯಿತೋ, ಎಲ್ಲವನ್ನೂ ಅವಳಿಗೆ ಆ ದನಿಯೇ ಹೇಳಬೇಕಿತ್ತು.

ಆ ಒಂದು ಕಂಪ್ಯೂಟರನ್ನು ಮೂವರು ಹಂಚಿಕೊಂಡಿದ್ದರು. ಬೆಳಗಿನ ಹೊತ್ತು ಗುಮಾಸ್ತರು, ಆಗೀಗ ಡಾಕ್ಟರಮ್ಮ, ಮಧ್ಯಾಹ್ನದಿಂದ ಗಿಣಿ. ಮೂವರಿಗೂ ಬೇರೆ ಬೇರೆ ಲಾಗಿನ್. ಲಾಗಿನ್ ಪರದೆಯಲ್ಲಿ ಬಾಣದ ಕೀಲಿ ಒತ್ತುತ್ತಾ ಹೋದರೆ ದನಿ ಒಂದೊಂದಾಗಿ ಓದುತ್ತಿತ್ತು: “ಗುಮಾಸ್ತ. ಡಾಕ್ಟರ್. ತಾತ್ಕಾಲಿಕ.” ಆ ‘ತಾತ್ಕಾಲಿಕ’ವೇ ಗಿಣಿ. ದಿನಾ ಮಧ್ಯಾಹ್ನ ಕಹಿ ಔಷಧ ಕುಡಿಯುವವಳ ಮುಖ ಮಾಡಿಕೊಂಡು ಅವಳು ಅದರ ಮೇಲೆ ಎಂಟರ್ ಒತ್ತುತ್ತಿದ್ದಳು.

ಸೇರಿದ ಹೊಸತರಲ್ಲಿ ಅವಳ ಲಾಗಿನ್‌ನಲ್ಲಿ ಸದ್ದೇ ಬರುತ್ತಿರಲಿಲ್ಲ. ಬೀದಿ ತಿರುವಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಕಂಪ್ಯೂಟರ್ ರಿಪೇರಿಯವನು ಬಂದ. ಒಳ್ಳೆಯ ಮನುಷ್ಯ, ಸ್ವಲ್ಪ ಅವಸರದವನು. ಅದೇನೋ ತೆಗೆದ, ನೋಡಿದ, ಗೊಣಗಿದ. ಗಿಣಿ ಪಕ್ಕದಲ್ಲೇ ನಿಂತು ಅವನ ತಲೆ ತಿಂದಳು.

“ಯಾರಿಗೂ ಇಲ್ಲ ಅನ್ನಬಾರದು, ಅಷ್ಟೇ ಕಣಪ್ಪ. ಮೂರು ಜನಕ್ಕೂ ಸದ್ದು ಕೊಟ್ಟುಬಿಡು. ಯಾವಾಗ್ಲೂ ಇರ್ಬೇಕು.”

“ಕೊಟ್ಟುಬಿಡ್ತೀನಿ ಮೇಡಂ. ಸ್ಪೀಕರ್, ಮೈಕು ಎರಡಕ್ಕೂ ಅನುಮತಿ ಇರೋ ಒಂದು ಗುಂಪಿದೆ. ಅದರಲ್ಲಿ ಮೂರೂ ಹೆಸರು ಸೇರಿಸಿದ್ರೆ ಆಯ್ತು. ಇನ್ನು ಕೇಳೋರೇ ಇಲ್ಲ.”

ಸೇರಿಸಿದ. ದನಿ ಬಂತು. ಗಿಣಿ ಕ್ಯಾಂಟೀನಿನಿಂದ ಅವನಿಗೆ ಚಹಾ ತರಿಸಿಕೊಟ್ಟಳು. ತಾನು ಹಟ ಹಿಡಿದದ್ದಕ್ಕೇ ಕೆಲಸವಾಯಿತು ಎಂದು ಮನೆಗೆ ಹೋಗಿ ಅಕ್ಕನ ಎದುರು ಕೊಚ್ಚಿಕೊಂಡಳು ಕೂಡ. ತನ್ನ ಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡಿದ್ದೇನೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ಕೆಲವು ವಾರ ಕಳೆಯಿತು. ಒಂದು ಮಧ್ಯಾಹ್ನ ಬಂದು ಕೂತರೆ ಕಂಪ್ಯೂಟರು ತುಟಿ ಪಿಟಕ್ಕೆನ್ನಲಿಲ್ಲ. ಲಾಗಿನ್ ಪಟ್ಟಿಯೂ ಮೂಕ. ಬೆರಳಿಗೆ ಅಭ್ಯಾಸವಾಗಿದ್ದ ಲೆಕ್ಕದಲ್ಲಿ ಬಾಣ ಒತ್ತಿ, ಎಂಟರ್ ಒತ್ತಿ, ಗುಪ್ತಪದ ಹಾಕಿ ಒಳಗೆ ಹೋದರೂ ಮೌನ. ಮರುದಿನ ಮಾತಾಡಿತು. ಅದರ ಮರುದಿನ ಮತ್ತೆ ಇಲ್ಲ. ಈ ಬಂದು ಹೋಗುವ ಕಾಯಿಲೆಯೇ ಅವಳಿಗೆ ಮುಳುವಾಯಿತು. ಪೂರ್ತಿ ಕೆಟ್ಟಿದ್ದರೆ ಜನ ನಂಬುತ್ತಿದ್ದರು.

“ನಿನ್ನೆ ಮಾತಾಡಿತ್ತಲ್ಲಮ್ಮ?” ಎಂದು ಮೇನೇಜರು ಕೇಳಿದರು. ಅವರ ಬೂಟು ಕಿರ್ರೆನ್ನುತ್ತಿತ್ತು, ಹಾಗಾಗಿ ಅವರು ಬರುವುದು ಗಿಣಿಗೆ ಎಲ್ಲರಿಗಿಂತ ಮೊದಲೇ ತಿಳಿಯುತ್ತಿತ್ತು. “ನೀವು ಎಲ್ಲೋ ತಪ್ಪು ಒತ್ತಿರಬೇಕು. ಹೋಗಲಿ ಬಿಡಿ, ಪಾಪ.”

ಪಾಪ! ಗಿಣಿ ನಾಲಗೆ ಕಚ್ಚಿಕೊಂಡು ಸುಮ್ಮನಾದಳು. ಸುಮ್ಮನಿದ್ದದ್ದಕ್ಕೆ ಆ ರಾತ್ರಿಯ ಊಟ ಸೇರಲಿಲ್ಲ.

ಕಾಯಿಲೆಯ ಬೇರು ಗುಮಾಸ್ತರ ಒಂದು ಅಭ್ಯಾಸದಲ್ಲಿತ್ತು. ಅವರು ಕಂಪ್ಯೂಟರನ್ನು ಮುಚ್ಚಿದವರೇ ಅಲ್ಲ. ರೋಗಿಗಳ ಸರದಿಯ ಹಾಳೆ, ಅರ್ಧಕ್ಕೆ ನಿಲ್ಲಿಸಿದ ಹಾಡು, ಬೆಳಗಿನ ಡಾಕ್ಟರುಗಳ ಸಭೆಯ ಮಾತನ್ನು ಹಿಡಿದಿಡುವ ರೆಕಾರ್ಡರು, ಎಲ್ಲವನ್ನೂ ತೆರೆದಿಟ್ಟು, ಪರದೆಯನ್ನಷ್ಟೇ ಲಾಕ್ ಮಾಡಿ ಊಟಕ್ಕೆ ಮನೆಗೆ ಹೊರಟುಬಿಡುತ್ತಿದ್ದರು. “ಮುಚ್ಚಿದ್ರೆ ನಾಳೆ ಎಲ್ಲಾ ಮತ್ತೆ ಯಾರು ತೆರೀತಾರೆ, ನಮ್ಮ ಭಾವ ಬರ್ತಾನಾ?” ಎನ್ನುವುದು ಅವರ ವಾದ. ಗಿಣಿ ತನ್ನ ಲಾಗಿನ್‌ಗೆ ಹೋದರೂ ಅವರದು ಹಿಂದೆ ಜೀವಂತವಾಗಿಯೇ ಇರುತ್ತಿತ್ತು. ಆದರೆ ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ತೋಚಲಿಲ್ಲ. ಗುಮಾಸ್ತರಿಗಂತೂ ತೋಚುವ ಪ್ರಶ್ನೆಯೇ ಇಲ್ಲ, ಅವರ ಹೊತ್ತಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು.

ಹೀಗಿರುವಾಗ ಒಂದು ದಿನ ಅಪಘಾತದ ಕೇಸೊಂದು ಬಂತು. ರೋಗಿಯನ್ನು ಆಪರೇಷನ್ನಿಗೆ ಒಯ್ಯುವ ಮೊದಲು ವರದಿ ಬೇಕು. ಡಾಕ್ಟರಮ್ಮ ಹೇಳಿ ಮುಗಿಸಿದ್ದರು, ಹೊರಗೆ ನರ್ಸು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು. ಹೆಡ್‌ಫೋನಿನಲ್ಲಿ ಮಾತ್ರ ಸ್ಮಶಾನ ಮೌನ. ಗಿಣಿ ಆ ಕೀಲಿ ಒತ್ತಿದಳು, ಈ ಕೀಲಿ ಒತ್ತಿದಳು, ಕೊನೆಗೆ ಕಂಪ್ಯೂಟರಿನ ಪವರ್ ಗುಂಡಿಯನ್ನು ಅದರ ಉಸಿರು ನಿಲ್ಲುವ ತನಕ ಅದುಮಿ ಹಿಡಿದಳು. ಮತ್ತೆ ಹೊತ್ತಿಸಿದಾಗ ದನಿ ಬಂತು, ವರದಿ ಹೊತ್ತಿಗೆ ಸರಿಯಾಗಿ ಹೋಯಿತು, ರೋಗಿ ಉಳಿದ.

ಉಳಿಯದೆ ಹೋದದ್ದು ಗುಮಾಸ್ತರ ಸರದಿಯ ಹಾಳೆ. ಉಳಿಸುವ ಕೀಲಿ ಒತ್ತುವ ಅಭ್ಯಾಸ ಅವರಿಗಿರಲಿಲ್ಲ, ತೆರೆದೇ ಇರುತ್ತದಲ್ಲ ಎಂಬ ಧೈರ್ಯ. ಮರುದಿನ ಹೊರಗಿನ ಬೆಂಚಿನಲ್ಲಿ ಕೂತವರಿಗೆ ಯಾರ ಸರದಿ ಮೊದಲು ಎಂದು ತಿಳಿಯದೆ ದೊಡ್ಡ ರಾದ್ಧಾಂತವಾಯಿತು. ಯಾರೋ ಒಬ್ಬರು ಗುಮಾಸ್ತರ ಕೊರಳಪಟ್ಟಿಗೇ ಕೈ ಹಾಕಿದರಂತೆ.

“ಅವಳಿಗೆ ಬರಲ್ಲ ಅಂತಾದ್ರೆ ಬರಲ್ಲ ಅಂತ ಹೇಳ್ಲಿ! ನನ್ನ ಕೆಲಸ ಯಾಕೆ ಹಾಳು ಮಾಡ್ಬೇಕು?” ಎಂದು ಅವರು ಮೇನೇಜರ ಕೋಣೆಯಲ್ಲಿ ಕೂಗಾಡಿದ್ದು ನಾಲ್ಕು ಗೋಡೆ ದಾಟಿ ಬಂತು. ಗಿಣಿಯ ಕಿವಿಗೆ ನಾಲ್ಕು ಗೋಡೆ ಯಾವ ಲೆಕ್ಕ?

ಮೇನೇಜರು ತೀರ್ಪು ಕೊಟ್ಟರು. ಪವರ್ ಗುಂಡಿಯನ್ನು ಯಾರೂ ಮುಟ್ಟಕೂಡದು. ಅದರ ಮೇಲೆ ಬಾಟಲಿಯ ಮುಚ್ಚಳವೊಂದನ್ನು ಕವುಚಿ ಟೇಪು ಸುತ್ತಿಸಿದರು. ಮುಂದಿನ ವಾರ ಒಂದು ಮಧ್ಯಾಹ್ನ ತಾವೇ ಬಂದು ಪಕ್ಕದಲ್ಲಿ ಕೂತು ನೋಡುವುದಾಗಿಯೂ, ಗಿಣಿಯನ್ನು ಕಾಯಂ ಮಾಡುವುದೋ ಬೇರೆಯವರನ್ನು ತರುವುದೋ ಅಂದೇ ತೀರ್ಮಾನಿಸುವುದಾಗಿಯೂ ಹೇಳಿದರು. ಗಿಣಿ ಆ ಮುಚ್ಚಳವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳಿಗೆ ಅತ್ತುಬಿಡೋಣ ಎನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಯಾರನ್ನಾದರೂ ಕಚ್ಚೋಣ ಎನ್ನಿಸಿತು.

ಗಾಯದ ಮೇಲೆ ಉಪ್ಪು ಸುರಿಯಲು ಇನ್ನೊಂದು ನಡೆಯಿತು. ಎರಡು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಾಗ ಗುಮಾಸ್ತರು ಊಟಕ್ಕೆ ಹೋಗದೆ ಕಾದಿದ್ದರು. ಕೋಣೆಯಲ್ಲಿ ಡಾಕ್ಟರಮ್ಮನ ಸೆಂಟಿನ ವಾಸನೆಯೂ ಇತ್ತು, ನರ್ಸುಗಳ ಪಿಸುಮಾತೂ ಇತ್ತು.

“ಕೇಳಿ, ಕೇಳಿ. ನಿನ್ನೆ ಸಭೆ ಮುಗಿದ ಮೇಲೆ ರೆಕಾರ್ಡರ್ ನಿಲ್ಲಿಸೋದು ಮರೆತಿದ್ದೆ. ಏನು ಸಿಕ್ಕಿದೆ ಕೇಳಿ,” ಎಂದು ಅವರು ಸ್ಪೀಕರ್ ಜೋರು ಮಾಡಿದರು.

ಗಿಣಿಯ ದನಿಯೇ ಕೋಣೆ ತುಂಬ ಹರಡಿತು. “ಆ ಕುಂಬಳಕಾಯಿ ಇವತ್ತೂ ಎಲ್ಲಾ ಬಿಚ್ಚಿಟ್ಟು ಹೊಟ್ಟೆ ತುಂಬಿಸ್ಕೊಳ್ಳೋಕೆ ಹೋಗಿದೆ. ಹೋಗಲಿ, ತಿಂದು ಇನ್ನೂ ಉರುಟಾಗಲಿ!”

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಗುಮಾಸ್ತರು ನಿಜಕ್ಕೂ ಉರುಟಾಗಿದ್ದರೆಂದು ಕಾಣುತ್ತದೆ, ಇಲ್ಲದಿದ್ದರೆ ಅಷ್ಟು ನಗು ಏಳುತ್ತಿರಲಿಲ್ಲ. ಗಿಣಿಯ ಕಿವಿ ಕೆಂಡವಾಯಿತು. “ಇನ್ನೂ ಇದೆ” ಎನ್ನುತ್ತಾ ಅವರು ಅಲ್ಲಿಗೇ ನಿಲ್ಲಿಸಿ, ಎಂದಿನ ಹಾಗೆ ಲಾಕ್ ಮಾಡಿ ಹೊರಟುಹೋದರು.

ನಾಚಿಕೆ ಸಂಜೆಯ ಹೊತ್ತಿಗೆ ಇಳಿಯಿತು. ಒಂದು ಪ್ರಶ್ನೆ ಮಾತ್ರ ಹಲ್ಲಿಗೆ ಸಿಕ್ಕ ನಾರಿನಂತೆ ಕಾಡತೊಡಗಿತು. ನಿನ್ನೆ ಆ ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತಿದ್ದವಳು ನಾನು. ತೆರೆದಿದ್ದದ್ದು ನನ್ನ ಲಾಗಿನ್. ಮನೆಗೆ ಹೋದ ಮನುಷ್ಯನ ಲಾಗಿನ್‌ಗೆ ನನ್ನ ಮಾತು ಕೇಳಿಸಿದ್ದು ಹೇಗೆ?

ಉತ್ತರ ಸಿಕ್ಕಿದ್ದು ಮೇನೇಜರು ಬರುವ ದಿನದ ಬೆಳಗ್ಗೆ, ಬಚ್ಚಲುಮನೆಯ ಬಾಗಿಲಲ್ಲಿ.

ಗಿಣಿ ಇದ್ದದ್ದು ಅಕ್ಕ ಭಾವನ ಜೊತೆ, ನಾಲ್ಕು ಮನೆಗಳಿಗೆ ಒಂದೇ ಬಚ್ಚಲಿದ್ದ ವಠಾರದಲ್ಲಿ. ಹೊರಗಿನವರು ಬಂದು ಬಳಸುತ್ತಾರೆಂದು ಮಾಲೀಕ ಅದಕ್ಕೊಂದು ಬೀಗ ಹಾಕಿಸಿ ಮನೆಗೊಂದು ಕೀಲಿ ಹಂಚಿದ್ದ. ಮಹಡಿಯ ಪಿಂಚಣಿ ತಾತ ಅದರಲ್ಲೊಂದು ಉಪಾಯ ಕಂಡುಕೊಂಡಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಬಕೆಟ್ಟು ಟವೆಲ್ಲು ಒಳಗಿಟ್ಟು, ಹೊರಗಿನಿಂದ ಬೀಗ ಜಡಿದು, ಆರಾಮಾಗಿ ಪತ್ರಿಕೆ ಓದಲು ಮಹಡಿ ಹತ್ತುತ್ತಿದ್ದರು. ಉಳಿದವರ ಹತ್ತಿರವೂ ಕೀಲಿ ಇತ್ತು, ನಿಜ. ಆದರೆ ಹಿರಿಯರ ಬಕೆಟ್ಟನ್ನು ಹೊರಗಿಡುವ ಧೈರ್ಯ ಯಾರಿಗಿದೆ? ಆ ಬೆಳಗ್ಗೆ ಅಕ್ಕನ ತಾಳ್ಮೆ ಕೆಟ್ಟಿತು. ಭುಜಕ್ಕೆ ಟವೆಲ್ಲು ಹಾಕಿ ಹಿಂದೆ ನಿಂತಿದ್ದ ಗಿಣಿಗೆ ಅಕ್ಕನ ಬಳೆಯ ಸದ್ದಿನಲ್ಲೇ ಗುಡುಗು ಬರಲಿದೆ ಎಂದು ತಿಳಿಯಿತು.

“ತಾತಾ! ಒಳಗೆ ಇದ್ದೋರಿಗೆ ಚಿಲಕ ಅಂತ ದೇವರು ಕೊಟ್ಟಿದ್ದಾನಲ್ಲ, ಸಾಲದಾ? ಒಳಗೆ ಹೋದೋರು ಹಾಕ್ಕೋತಾರೆ, ಹೊರಗೆ ಬಂದಾಗ ತೆಗೀತಾರೆ. ಮನೇಲಿ ಕೂತು ಕಾಲು ಚಾಚ್ಕೊಂಡಿರೋರಿಗೆ ಯಾಕ್ರೀ ಬಚ್ಚಲಿನ ಕೀಲಿ?”

“ಅಕ್ಕಾ!” ಗಿಣಿ ಕಿರುಚಿದಳು. “ಇನ್ನೊಂದ್ಸಲ ಹೇಳು!”

“ಏನೇ ಹೇಳೋದು? ಚಿಲಕ ಸಾಲದಾ ಅಂದೆ.”

“ಸಾಲುತ್ತೆ ಅಕ್ಕ, ಸಾಲುತ್ತೆ! ಕೀಲಿ ಹಂಚಿಸಿದೋಳು ನಾನೇ ಕಣೇ, ಹೆಡ್ಡಿ!” ಎನ್ನುತ್ತಾ ಅವಳು ಸ್ನಾನವನ್ನು ಅಲ್ಲಿಗೇ ಬಿಟ್ಟು ಫೋನು ಹುಡುಕಲು ಓಡಿದಳು. ಅಕ್ಕ ಮತ್ತು ತಾತ ಜಗಳ ಮರೆತು ಕಕ್ಕಾಬಿಕ್ಕಿಯಾಗಿ ನಿಂತರಂತೆ.

ರಿಪೇರಿಯವನು ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಗಿಣಿ ಒಂದೇ ಉಸಿರಿನಲ್ಲಿ ಹೇಳಿದಳು. “ಅವತ್ತು ನೀನು ಮೂರು ಜನಕ್ಕೂ ಸದ್ದಿನ ಕೀಲಿ ಕೊಟ್ಟೆ ಅಲ್ವಾ? ಯಾರು ಕೂತಿದ್ದಾರೆ, ಯಾರು ಎದ್ದು ಹೋಗಿದ್ದಾರೆ ಅಂತ ಆ ಗುಂಪು ನೋಡುತ್ತಾ?”

“ಇಲ್ಲ ಮೇಡಂ. ಗುಂಪಲ್ಲಿ ಹೆಸರಿದ್ರೆ ಯಾವಾಗ್ಲೂ ಅನುಮತಿ ಇರುತ್ತೆ.”

“ಎದ್ದು ಮನೆಗೆ ಹೋದ್ರೂನೂ?”

ಆ ಕಡೆ ಮಂಚ ಕಿರುಗುಟ್ಟಿತು, ಅವನು ಎದ್ದು ಕೂತ. “ಅಯ್ಯೋ... ಹೌದು ಮೇಡಂ. ಲಾಕ್ ಮಾಡಿ ಹೋದ್ರೂ ಅವರ ಲಾಗಿನ್ನು ಸ್ಪೀಕರ್, ಮೈಕು ಎರಡನ್ನೂ ಹಿಡ್ಕೊಂಡೇ ಇರಬಹುದು. ಹಾಡೋ ರೆಕಾರ್ಡರೋ ತೆರೆದಿದ್ದ ದಿನ ನಿಮಗೆ ಸಿಗಲ್ಲ, ಇಲ್ಲದ ದಿನ ಸಿಗುತ್ತೆ. ಅಸಲಿಗೆ ಗುಂಪೇ ಬೇಕಾಗಿಲ್ಲ. ಎದುರಿಗೆ ಯಾರ ಲಾಗಿನ್ ಇದೆಯೋ ಅವರಿಗೆ ಕಂಪ್ಯೂಟರೇ ಅನುಮತಿ ಕೊಡುತ್ತೆ, ಬದಲಾದ ತಕ್ಷಣ ವಾಪಸ್ ಕಿತ್ಕೊಳ್ಳುತ್ತೆ. ಅವತ್ತು ಅದು ಸರಿಯಾಗಿ ಕೂತಿರಲಿಲ್ಲ. ಅದನ್ನ ಸರಿಮಾಡೋ ಬದಲು ನಾನು ಅಡ್ಡದಾರಿ ಹಿಡಿದೆ.”

“ಹಿಡಿಸಿದ್ದು ನಾನು ಬಿಡಪ್ಪ. ಇವತ್ತು ಮಧ್ಯಾಹ್ನ ಮೇನೇಜರು ಬರ್ತಾರೆ. ನೀನು ಅದಕ್ಕೆ ಮೊದ್ಲು ಬಾ.”

ಅವನು ಬಂದ. ಗಿಣಿಯೂ ತನ್ನ ಹೊತ್ತಿಗಿಂತ ಮೊದಲೇ ಹೋಗಿ ಕೂತಳು. ಅವನು ಗುಂಪಿನಿಂದ ಮೂರೂ ಹೆಸರು ಕಿತ್ತುಹಾಕಿದ, ಲಾಗಿನ್ ವ್ಯವಸ್ಥೆಯಲ್ಲಿ ಅಂದು ಬಿಟ್ಟುಹೋಗಿದ್ದನ್ನು ಸರಿಪಡಿಸಿದ. ಗುಮಾಸ್ತರು ಪರದೆ ಲಾಕ್ ಮಾಡಿ ಕುರ್ಚಿ ಬಿಟ್ಟುಕೊಟ್ಟರು. ಗಿಣಿ ಬಾಣದ ಕೀಲಿ ಒತ್ತಿದಳು.

ಮೌನ.

ರಿಪೇರಿಯವನು ತಲೆ ಕೆರೆದುಕೊಂಡ ಸದ್ದು ಕೇಳಿತು. “ಇವರ ಲಾಗಿನ್ನು ದಿನಗಟ್ಟಲೆಯಿಂದ ತೆರೆದೇ ಇದೆ ಮೇಡಂ. ಒಳಗೆ ಬರುವಾಗ ಸಿಕ್ಕಿದ ಅನುಮತಿ ಹೊರಗೆ ಹೋಗೋ ತನಕ ಇರುತ್ತೆ. ನಾನೀಗ ಕಿತ್ತುಹಾಕಿದ್ದು ಅದಕ್ಕಿನ್ನೂ ತಟ್ಟಿಲ್ಲ. ಇವರು ಪೂರ್ತಿ ಲಾಗ್‌ಔಟ್ ಆಗಲೇಬೇಕು.”

“ನಾನಾ? ಸುತರಾಂ ಸಾಧ್ಯವಿಲ್ಲ,” ಎಂದರು ಗುಮಾಸ್ತರು. “ಒಂದು ಸಲ ಕಳ್ಕೊಂಡಿದ್ದು ಸಾಕು. ಎಷ್ಟೆಲ್ಲಾ ತೆರೆದಿದೆ ಗೊತ್ತಾ?”

ಮೇನೇಜರು ಬರುವ ಹೊತ್ತಾಗುತ್ತಿತ್ತು. ಗಿಣಿಗೆ ಕೋಪ ಗಂಟಲ ತನಕ ಬಂತು. ಬಂದದ್ದನ್ನು ನುಂಗಿಕೊಂಡಳು. ಅವಳ ಜೀವಮಾನದಲ್ಲೇ ಅಷ್ಟು ದೊಡ್ಡ ತುತ್ತನ್ನು ನುಂಗಿದ್ದು ಅದೇ ಮೊದಲು.

“ಗುಮಾಸ್ತರೇ, ಅವತ್ತು ನಿಮ್ಮ ಹಾಳೆ ಹೋಗಿದ್ದು ನನ್ನ ಕೈಯಿಂದ. ಅದಕ್ಕೆ ನಿಮ್ಮನ್ನ ಜನ ಎಳೆದಾಡಿದ್ರು ಅಂತ ಕೇಳಿದೆ. ನನಗೆ ಬೇಜಾರಾಗಿದೆ. ಆವತ್ತೇ ಹೇಳ್ಬೇಕಿತ್ತು, ಹೇಳಲಿಲ್ಲ. ಕುಂಬಳಕಾಯಿ ಅಂದಿದ್ದೂ ತಪ್ಪು.”

ಗುಮಾಸ್ತರು ಕುರ್ಚಿ ಎಳೆದು ಕೂತರು. ಕೀಲಿಗಳ ಸದ್ದು ಶುರುವಾಯಿತು. ಒಂದೊಂದೇ ಉಳಿಸಿ, ಒಂದೊಂದೇ ಮುಚ್ಚುತ್ತಿದ್ದರು.

“ಆ ಕುಂಬಳಕಾಯಿ ಆದ ಮೇಲೆ ಇನ್ನೂ ಇತ್ತಮ್ಮ,” ಎಂದರು, ಕೈ ನಿಲ್ಲಿಸದೆ. “ಆವತ್ತು ಎಲ್ಲರೆದುರು ಹಾಕೋಣ ಅಂತಲೇ ಇದ್ದೆ, ಊಟಕ್ಕೆ ಹೊತ್ತಾಯ್ತು ಅಂತ ನಿಲ್ಲಿಸಿದೆ. ಮರುದಿನ ಒಬ್ಬನೇ ಕೂತು ಕೇಳಿದೆ. ನೀವು ಆ ಕಂಪ್ಯೂಟರಿಗೆ ‘ಮಾತಾಡೋ, ಒಂದೇ ಒಂದು ಮಾತಾಡೋ’ ಅಂತ ಕೇಳ್ಕೋತಾ ಇದ್ರಿ. ತುಂಬಾ ಹೊತ್ತು. ನಾನು ನಿಮಗೆ ಬರಲ್ಲ ಅಂತ ಅಂದ್ಕೊಂಡಿದ್ದೆ. ಅದಕ್ಕೇ ಬಾಯಿ ಇರಲಿಲ್ಲ ಅಂತ ಗೊತ್ತಿರಲಿಲ್ಲ. ಅದನ್ನ ಅಳಿಸಿಬಿಟ್ಟೆ. ಯಾರಿಗೂ ಕೇಳಿಸಲಿಲ್ಲ.”

ಯಾರಿಗೂ ಕಾಣಿಸಬಾರದೆಂದು ಮುಚ್ಚಿಟ್ಟಿದ್ದ ಅಳು ಈ ಮನುಷ್ಯನಿಗೆ ಸಿಕ್ಕಿತ್ತು, ಅವರು ಅದನ್ನು ಜೋಪಾನವಾಗಿ ಅಳಿಸಿದ್ದರು. ಅವಳಿಗೆ ಅವರ ಮೇಲೆ ಪ್ರೀತಿಯೇ ಉಕ್ಕಿಬಂತು.

“ಆಯ್ತು,” ಎಂದು ಗುಮಾಸ್ತರು ಎದ್ದರು. “ಲಾಗ್‌ಔಟ್. ನೋಡಿ ಇನ್ನು.”

ಗಿಣಿ ನಿಂತಲ್ಲಿಂದಲೇ ಬಾಗಿ ಬಾಣದ ಕೀಲಿ ಒತ್ತಿದಳು. “ಗುಮಾಸ್ತ,” ಎಂದಿತು ದನಿ.

ಅವಳು ಚಪ್ಪಾಳೆ ತಟ್ಟಿದಳು. ರಿಪೇರಿಯವನು ತನ್ನ ಸಾಮಾನು ಚೀಲಕ್ಕೆ ತುಂಬತೊಡಗಿದ. ಅಷ್ಟರಲ್ಲಿ ಕಾರಿಡಾರಿನ ಕಡೆಯಿಂದ ಬೂಟು ಕಿರ್ರೆಂದಿತು.

ಬೇರೆ ಯಾರಾದರೂ ಆಗಿದ್ದರೆ ಬಂದ ದನಿಯನ್ನು ಹಾಗೇ ಹಿಡಿದುಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಗಿಣಿ ಹಾಗೆ ಮಾಡುವವಳಲ್ಲ. ಮೇನೇಜರು ಕುರ್ಚಿ ಎಳೆದು ಕೂತದ್ದೇ ತಡ, ಅವಳು ಗುಮಾಸ್ತರ ಕಡೆ ತಿರುಗಿದಳು.

“ನೀವು ಮತ್ತೆ ಲಾಗಿನ್ ಆಗಿ. ಸರದಿ ಹಾಳೆ ತೆರೀರಿ. ಹಾಡು ಹಾಕಿ. ರೆಕಾರ್ಡರೂ ಚಾಲೂ ಮಾಡಿ. ಆಮೇಲೆ ಏನೂ ಮುಚ್ಚದೆ, ದಿನಾ ಹೋಗೋ ಹಾಗೆ ಲಾಕ್ ಮಾಡಿ ಎದ್ದುಬಿಡಿ.”

“ಮೇಡಂ, ಬೇಡ,” ಎಂದು ರಿಪೇರಿಯವನು ಪಿಸುಗುಟ್ಟಿದ. “ಈಗ ಬರ್ತಾ ಇದೆಯಲ್ಲ, ಯಾಕೆ ಸುಮ್ನೆ?”

“ನಾಳೆ ಇವರು ಲಾಕ್ ಮಾಡೇ ಹೋಗ್ತಾರೆ ಕಣಪ್ಪ. ಇವತ್ತೊಂದು ದಿನ ಬಂದ್ರೆ ಏನು ಬಂತು?”

ಗುಮಾಸ್ತರು ಹೇಳಿದ್ದನ್ನೆಲ್ಲ ಮಾಡಿದರು. ಹಾಡು ಶುರುವಾಗಿ ಹೆಂಗಸೊಬ್ಬಳ ದನಿ ಮೇಲಕ್ಕೇರುತ್ತಿತ್ತು, ಲಾಕ್ ಮಾಡಿ ಲಾಗಿನ್ ಪರದೆ ತಂದದ್ದೇ ಅರ್ಧಕ್ಕೆ ಕತ್ತರಿಸಿದಂತೆ ನಿಂತಿತು. ಹಾಗೆ ತಾನಾಗಿಯೇ ಅದು ಹಿಂದೆಂದೂ ನಿಂತಿರಲಿಲ್ಲ. ಗಿಣಿ ಕುರ್ಚಿಯಲ್ಲಿ ಕೂತಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಬೆರಳು ಬಾಣದ ಕೀಲಿಯ ಮೇಲಿಟ್ಟಳು.

“ಗುಮಾಸ್ತ,” ಎಂದಿತು ದನಿ. “ಡಾಕ್ಟರ್. ತಾತ್ಕಾಲಿಕ.”

ಒಳಗೆ ಹೋದಳು. ದನಿ ಅವಳ ಹಿಂದೆಯೇ ಬಂತು. ಮೇನೇಜರಿಗೂ ಕೇಳಲಿ ಎಂದು ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟಳು. ಡಾಕ್ಟರಮ್ಮ ಹೇಳಿದ ಶ್ವಾಸಕೋಶದ ವರದಿ, ಮಂಡಿಯ ವರದಿ, ಬೆನ್ನುಮೂಳೆಯ ವರದಿ ಒಂದರ ಹಿಂದೊಂದು ಹರಿದುಬಂದವು. ಪೆಡಲ್ಲು ಟಕ್ ಎನ್ನುತ್ತಿತ್ತು, ಬೆರಳು ಓಡುತ್ತಿತ್ತು, ಓದುವ ದನಿ ಡಬ್ಬದ ಕಾಳಿನಂತೆ ಗಲಗಲಿಸುತ್ತಿತ್ತು. ನಡುವೆ ಒಮ್ಮೆ ಅವಳು ನಿಂತು, “ಡಾಕ್ಟರಮ್ಮ ಮೊದ್ಲು ಎಡ ಮಂಡಿ ಅಂದ್ರು, ಕೊನೇಲಿ ಬಲ ಅಂದ್ರು. ಕೇಳಿ ಬರೀಬೇಕು,” ಎಂದಳು. ಪಕ್ಕದ ಕೋಣೆಯಿಂದ “ಅಯ್ಯೋ, ಎಡವೇ! ಎಡ!” ಎಂಬ ಕೂಗು ಬಂತು.

“ಈ ಗಲಗಲ ನಿಮಗೆ ಅರ್ಥವಾಗುತ್ತಾ?” ಮೇನೇಜರು ಕೇಳಿದರು.

“ನೀವು ನಿಧಾನಕ್ಕೆ ಮಾತಾಡೋದು ಅರ್ಥ ಆಗೋಕೇ ಸ್ವಲ್ಪ ಹೊತ್ತು ಬೇಕು ಸಾರ್,” ಎಂದಳು ಗಿಣಿ. ನಕ್ಕವರಲ್ಲಿ ಮೇನೇಜರೂ ಒಬ್ಬರು.

ಕೊನೆಗೆ ಗುಮಾಸ್ತರು ಮತ್ತೆ ತಮ್ಮ ಲಾಗಿನ್‌ಗೆ ಹೋದರು. ಸರದಿಯ ಹಾಳೆ ಹೇಗಿತ್ತೋ ಹಾಗೇ ಇತ್ತು. ಆ ಹೆಂಗಸು ಎಲ್ಲಿ ನಿಂತಿದ್ದಳೋ ಅಲ್ಲಿಂದಲೇ ಹಾಡು ಎತ್ತಿಕೊಂಡಳು. ರೆಕಾರ್ಡರನ್ನು ಹಿಂದಕ್ಕೆ ಓಡಿಸಿ ನೋಡಿದರೆ, ಗಿಣಿ ಕೂತಿದ್ದಷ್ಟು ಹೊತ್ತಿನದ್ದು ಒಂದೇ ಒಂದು ಸದ್ದೂ ಅದರಲ್ಲಿರಲಿಲ್ಲ.

“ಇನ್ನು ಮೇಲೆ ನನ್ನನ್ನ ಏನು ಬೈದ್ರೂ ನನಗೆ ಗೊತ್ತಾಗಲ್ಲ,” ಎಂದರು ಗುಮಾಸ್ತರು, ಸ್ವಲ್ಪ ಬೇಸರದಲ್ಲೇ.

“ಎದುರಿಗೇ ಬೈತೀನಿ ಬಿಡಿ,” ಎಂದಳು ಗಿಣಿ.

ಮೇನೇಜರು ಎದ್ದರು. ಬಾಗಿಲ ತನಕ ಹೋದ ಬೂಟು ತಿರುಗಿ ಬಂತು. ಟೇಪು ಕಿತ್ತ ಸದ್ದಾಯಿತು, ಬಾಟಲಿಯ ಮುಚ್ಚಳ ಕಸದ ಬುಟ್ಟಿಯಲ್ಲಿ ಟಣ್ ಎಂದಿತು. “ಇದಿನ್ನು ಬೇಕಾಗಿಲ್ಲ. ಕಾಯಂ ಆದೇಶಕ್ಕೆ ಇವತ್ತೇ ಸಹಿ ಹಾಕ್ತೀನಿ. ಈ ಪದ್ಧತಿಯನ್ನೇ ಉಳಿದ ಕೋಣೆಗಳಲ್ಲೂ ಮಾಡಿಸ್ಬೇಕು. ನೀವೇ ಜೊತೆಗೆ ನಿಂತು ಮಾಡಿಸಿಕೊಡಿ,” ಎಂದರು. ಪಾಪ ಎನ್ನಲಿಲ್ಲ.

ಆ ಸಂಜೆ ಗಿಣಿಯ ಕಾಲು ನೆಲಕ್ಕೆ ಹತ್ತಲಿಲ್ಲ. ವಠಾರದ ಬಾಗಿಲಿಂದಲೇ ಕೂಗಿ ಅಕ್ಕನಿಗೆ ಸುದ್ದಿ ಹೇಳಿದಳು. ಅಕ್ಕ ಅವಳನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು, ಆಮೇಲೆ “ನನ್ನ ಬಾಯಿಂದಲೇ ನಿನ್ನ ಕೆಲಸ ಉಳಿದಿದ್ದು” ಎಂದು ಇಡೀ ವಠಾರಕ್ಕೆ ಕೇಳುವಂತೆ ಸಾರಿದಳು. ಪಿಂಚಣಿ ತಾತ ಮಹಡಿಯಿಂದ ಇಳಿದುಬಂದು ತಮ್ಮ ಬಚ್ಚಲಿನ ಕೀಲಿಯನ್ನು ಅಕ್ಕನ ಕೈಯಲ್ಲಿಟ್ಟು, “ಚಿಲಕವೇ ಸಾಕಮ್ಮ” ಎಂದರು.

ಮರುದಿನ ಮಧ್ಯಾಹ್ನ ಗುಮಾಸ್ತರು ಲಾಕ್ ಮಾಡಿ ಎದ್ದಿದ್ದರು, ಆದರೆ ಬಾಗಿಲಲ್ಲೇ ನಿಂತಿದ್ದರು. ಊಟದ ಹೊತ್ತಿನಲ್ಲಿ ಅವರು ನಿಲ್ಲುವುದೆಂದರೆ ಏನೋ ಇರಬೇಕು. ಗಿಣಿ ಕೂತು ಬಾಣದ ಕೀಲಿ ಒತ್ತಿದಳು.

“ಗುಮಾಸ್ತ. ಡಾಕ್ಟರ್.”

ಮೂರನೆಯ ಸಲ ಒತ್ತಿದಾಗ ದನಿ ಒಂದು ಹೆಸರು ಹೇಳಿತು. ಗಿಣಿ ಅಲ್ಲ. ಅಪ್ಪ ಇಟ್ಟ ಹೆಸರು, ಶಾಲೆಯ ಹಾಜರಿಯ ನಂತರ ಯಾರೂ ಪೂರ್ತಿಯಾಗಿ ಕೂಗದಿದ್ದ ಹೆಸರು. ರಿಪೇರಿಯವನು ಬೆಳಗ್ಗೆಯೇ ಬಂದು ಬದಲಾಯಿಸಿ ಹೋಗಿದ್ದ. ಕಂಪ್ಯೂಟರಿಗೆ ಅದು ಹೊಸತು, ನಡುವಿನ ಅಕ್ಷರವನ್ನು ಅನವಶ್ಯಕವಾಗಿ ಎಳೆಯಿತು. ಎಳೆಯಲಿ.

ಅವಳು ಮೇಲಿನ ಬಾಣ ಒತ್ತಿ ಹಿಂದೆ ಹೋದಳು, ಕೆಳಗಿನ ಬಾಣ ಒತ್ತಿ ಮತ್ತೆ ಬಂದಳು. ದನಿ ಮತ್ತೆ ಅವಳ ಹೆಸರು ಹೇಳಿತು.

“ಒಳಗೆ ಹೋಗಮ್ಮ, ಕೆಲಸ ಇಲ್ವಾ?” ಎಂದರು ಗುಮಾಸ್ತರು, ನಗು ತಡೆಯುತ್ತಾ.

“ಇರ್ರೀ ಗುಮಾಸ್ತರೇ,” ಎಂದಳು ಅವಳು. “ಇನ್ನೊಂದ್ಸಲ ಕೇಳ್ತೀನಿ.”